ಗುಡ್ಡವ್ವನ ಭಂಡಾರವೂ ನನ್ನ ಹೊಟ್ಟೆಕಿಚ್ಚೂ

ಕರಿ ಕೋಟು ಕಳಚಿಟ್ಟ ಮೇಲೆ ವಕೀಲನಿಗೆ ಉಳಿಯುವುದು ಎರಡೇ ಕೆಲಸ. ಸಿಕ್ಕವರಿಗೆ ಹಳೇ ಕೇಸು ಹೇಳುವುದು, ಹೇಳಲು ಯಾರೂ ಕರೆಯದಿದ್ದರೆ ಮುನಿಸಿಕೊಂಡು ಕೂಡುವುದು. ಹೋದ ತಿಂಗಳು ಕೂಡ್ಲಿಗಿಯ ಕಿರಿಯ ವಕೀಲರು ನನ್ನನ್ನು ಕರೆದರು. ಆಸ್ಪತ್ರೆಯಲ್ಲಿ ರೋಗಿಗೆ ತಗಲುವ ಸೋಂಕು, ಆಮೇಲೆ ಆ ರೋಗಿಗೆ ಕಾನೂನಿನಲ್ಲಿ ಇರುವ ದಾರಿಗಳು, ಇದು ವಿಷಯ. ನಾನು ವಾರವಿಡೀ ಓದಿ, ಕನ್ನಡಿ ಮುಂದೆ ನಿಂತು ಹೇಳಿ ನೋಡಿ, ಗಡ್ಡ ಬೋಳಿಸಿಕೊಂಡು ಹೋದೆ. ಚೆನ್ನಾಗಿಯೇ ಮಾತಾಡಿದೆ. ಮುಗಿದ ಮೇಲೆ ಹೊಸದಾಗಿ ಸನ್ನದು ಪಡೆದ ಒಬ್ಬ ಹುಡುಗಿ ಎದ್ದು ನಿಂತಳು.

"ಸರ್, ನಾಗರತ್ನ ಮೇಡಂ ಅವರ ಭಂಡಾರದ ಕೇಸು ನೀವು ಕಣ್ಣಾರೆ ನೋಡೀರಂತಲ್ರಿ. ಅದನ್ನ ಹೇಳ್ರಿ."

ಅಲ್ಲಿಯವರೆಗೆ ಮೊಬೈಲು ಉಜ್ಜುತ್ತ ಕೂತಿದ್ದವರೆಲ್ಲ ತಲೆ ಎತ್ತಿದರು. ನನ್ನ ಹೊಟ್ಟೆ ಅಲ್ಲೇ ಉರಿಯಿತು. ಏನೋ ನೆಪ ಹೇಳಿ ಇಳಿದು ಬಂದೆ. ಆದರೆ ಮನೆಗೆ ಬಂದು ಯೋಚಿಸಿದಾಗ, ಈ ಕೇಸನ್ನು ನಾನು ಹೇಳದಿದ್ದರೆ ಬೇರೆ ಯಾರೋ ಹೇಳುತ್ತಾರೆ, ಉಪ್ಪು ಖಾರ ಹಚ್ಚಿ ನಾಗರತ್ನಳನ್ನು ಇನ್ನೂ ಮೇಲಕ್ಕೆ ಏರಿಸುತ್ತಾರೆ ಅನಿಸಿತು. ಅದಕ್ಕಿಂತ ನಾನೇ ಬರೆಯುವುದು ಲೇಸು.

ನಾಗರತ್ನ ಯಾರೆಂದು ಮೊದಲು ಹೇಳಬೇಕು. ಹರಪನಹಳ್ಳಿಯಲ್ಲಿ ರುದ್ರಗೌಡರೆಂಬ ಹಿರಿಯ ವಕೀಲರಿದ್ದರು. ನಾನೂ ಅವಳೂ ಒಂದೇ ವರ್ಷ ಅವರ ಕಚೇರಿಗೆ ಜೂನಿಯರಾಗಿ ಸೇರಿದೆವು. ಅವಳು ನನ್ನನ್ನು ಕೊಟ್ರೇಶಣ್ಣ ಎನ್ನುತ್ತಿದ್ದಳು, ಈಗಲೂ ಹಾಗೆಯೇ ಎನ್ನುತ್ತಾಳೆ. ಗೌಡರು ಕಾನೂನು ಹುಡುಕಬೇಕಾದಾಗ ನನ್ನನ್ನು ಕರೆಯುತ್ತಿದ್ದರು. ಕಕ್ಷಿದಾರರು ಅಳುತ್ತ ಬಂದಾಗ ಅವಳನ್ನು ಕರೆಯುತ್ತಿದ್ದರು. ಒಂದು ದಿನ ಚಹಾ ಕುಡಿಯುತ್ತ, ನನಗೆ ಸಂತೋಷವಾಗಲಿ ಎಂದೇ ಇರಬೇಕು, ಒಂದು ಮಾತು ಹೇಳಿದರು.

"ಕೊಟ್ರೇಶಿ, ನಿನಗೆ ಕಾನೂನು ಚೆನ್ನಾಗಿ ಗೊತ್ತು ಕಣಯ್ಯ. ಆಕೆಗೆ ಅಷ್ಟು ಗೊತ್ತಿಲ್ಲ. ಆದ್ರೆ ಜನ ಆಕೆ ಹತ್ರಾನೇ ಹೋಗ್ತಾರೆ, ನೋಡ್ತಾ ಇರು."

ನೋಡುತ್ತಲೇ ಇದ್ದೇನೆ. ನಾನು ಕೂಡ್ಲಿಗಿಯಲ್ಲಿ ಕಚೇರಿ ತೆರೆದೆ, ಅವಳು ಹಗರಿಬೊಮ್ಮನಹಳ್ಳಿಯಲ್ಲಿ. ನನ್ನ ಕಚೇರಿಯಲ್ಲಿ ಗೋಡೆ ತುಂಬ ಕಾನೂನು ಪುಸ್ತಕ. ಅವಳ ಕಚೇರಿಯಲ್ಲಿ ಜಗಲಿ ತುಂಬ ಮಂದಿ. ಅವಳ ಕಕ್ಷಿದಾರರು ಬರುವಾಗ ಹಸಿ ಶೇಂಗಾ ತರುತ್ತಿದ್ದರು, ಜೋಳ ತರುತ್ತಿದ್ದರು. ನನ್ನ ಕಕ್ಷಿದಾರರು ತರುತ್ತಿದ್ದದ್ದು ಮುಂದಿನ ವಾಯಿದೆಯ ಚಿಂತೆ ಮಾತ್ರ. ನಾನು ಮನೆಯಲ್ಲಿ ಈ ಮಾತೆತ್ತಿದರೆ ನನ್ನ ಹೆಂಡತಿ ಶಾಂತಾ ಲಟ್ಟಣಿಗೆ ಕೆಳಗಿಡದೆ ನಗುತ್ತಿದ್ದಳು. "ನಿಮ್ಮ ಹೊಟ್ಟಿಯೊಳಗ ಒಲಿ ಹೊತ್ತಿ ಉರಿಯಾಕತ್ತೈತಿ. ಗ್ಯಾಸ್ ತುಟ್ಟಿ ಆಗೇತಿ, ರೊಟ್ಟಿ ಅದರ ಮ್ಯಾಲೇ ಸುಡ್ಲೇನು?"

ಆಸ್ಪತ್ರೆ ಸೋಂಕಿನ ಕೇಸುಗಳಿಗೆ ಈ ಭಾಗದಲ್ಲಿ ಮೊದಲು ಕೈ ಹಾಕಿದವನು ನಾನು. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೆ ನಾನೇ ಹೇಳುತ್ತಿದ್ದೇನೆ. ಕಾನಹೊಸಹಳ್ಳಿ ಕಡೆಯ ಒಬ್ಬ ಲಾರಿ ಚಾಲಕನಿಗೆ ಕಾಲು ಮುರಿದು ಖಾಸಗಿ ಆಸ್ಪತ್ರೆಯಲ್ಲಿ ರಾಡು ಹಾಕಿದ್ದರು. ಒಳಗೆ ಕೀವಾಗಿ ರಾಡು ತೆಗೆಯಬೇಕಾಯಿತು. ನನಗೆ ರಕ್ತ ಬಿಸಿಯಿದ್ದ ಕಾಲ. ಅವನನ್ನು ಕರೆದುಕೊಂಡು ನೇರ ಪೊಲೀಸ್ ಠಾಣೆಗೆ ಹೋದೆ. ಅಲ್ಲಿನ ಸಬ್ ಇನ್ಸ್‌ಪೆಕ್ಟರು ದೂರು ಓದಿ ಮೀಸೆಯಲ್ಲೇ ನಕ್ಕರು.

"ವಕೀಲ್ರ, ಕೀವು ಆಗೇತಿ ಅಂತ ಡಾಕ್ಟ್ರನ್ನ ಹಿಡ್ಕೊಂಡ್ ಬಂದ್ರ, ನಾಳೆ ನೆಗಡಿ ಬಂದೇತಿ ಅಂತ ಇನ್ನೊಬ್ರು ಬರ್ತಾರ. ಬ್ಯಾರೆ ಡಾಕ್ಟ್ರ ಅಭಿಪ್ರಾಯ ತಗೊಂಡ್ ಬರ್ರಿ ಮೊದ್ಲು."

ಅವರು ಹೇಳಿದ್ದು ಸರಿಯಿತ್ತು. ವೈದ್ಯರ ಮೇಲೆ ಕ್ರಿಮಿನಲ್ ಕೇಸು ನಿಲ್ಲಬೇಕಾದರೆ ತೀರಾ ಕಣ್ಣಿಗೆ ಹೊಡೆಯುವಂಥ ಬೇಜವಾಬ್ದಾರಿ ಇರಬೇಕು, ಅದನ್ನು ಇನ್ನೊಬ್ಬ ತಜ್ಞರು ಹೇಳಬೇಕು. ಹೊಸಬರೇ, ಠಾಣೆಯ ಮೆಟ್ಟಿಲು ಕೊನೆಗೆ ಹತ್ತಿ. ಮೊದಲು ಮಾಡಬೇಕಾದದ್ದು, ರೋಗಿಯ ಕೇಸ್ ಶೀಟಿನ ಪ್ರತಿಯನ್ನು ಆಸ್ಪತ್ರೆಯಿಂದ ಬರವಣಿಗೆಯಲ್ಲಿ ಕೇಳುವುದು. ಕೇಳಿದರೆ ಮೂರು ದಿನದೊಳಗೆ ಕೊಡಬೇಕೆಂದು ವೈದ್ಯರ ನಿಯಮವೇ ಹೇಳುತ್ತದೆ. ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಅಲ್ಲಿ ವೈದ್ಯರಿಗೆ ಶಿಕ್ಷೆಯಾದೀತು, ರೋಗಿಗೆ ಪರಿಹಾರ ಸಿಗುವುದಿಲ್ಲ. ಪರಿಹಾರಕ್ಕೆ ಗ್ರಾಹಕರ ಆಯೋಗ. ಅಲ್ಲಿಗೆ ಎರಡು ವರ್ಷದೊಳಗೆ ಹೋಗಬೇಕು, "ಮಗು ದೊಡ್ಡದಾಗಲಿ, ಸುಗ್ಗಿ ಮುಗಿಯಲಿ" ಎಂದು ಕೂತರೆ ಬಾಗಿಲು ಮುಚ್ಚುತ್ತದೆ.

ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆ ಈ ಆಯೋಗದ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ಸಿವಿಲ್ ಕೋರ್ಟು, ಇಲ್ಲವೇ ಹೈಕೋರ್ಟು. ಇದನ್ನು ನಾನು ಕಲಿತದ್ದು ಒಂದು ಅರ್ಜಿ ಬಾಗಿಲಲ್ಲೇ ವಾಪಸ್ಸು ಬಂದಾಗ. ಅಂದು ಸಂಜೆಯೇ ನಾಗರತ್ನಳ ಫೋನು. "ಅಣ್ಣಾ, ಬೇಜಾರ್ ಮಾಡ್ಕೋಬ್ಯಾಡ್ರಿ. ಯಾರಿಗೆ ಆಗಂಗಿಲ್ಲ ಹೇಳ್ರಿ?" ಅವಳಿಗೆ ಹೇಗೆ ಗೊತ್ತಾಯಿತೋ! ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಸಮಾಧಾನ ಹೇಳಿದ್ದನ್ನು ಇವತ್ತಿಗೂ ಸಹಿಸಲಾಗಿಲ್ಲ.

ಇನ್ನು ಗುಡ್ಡವ್ವನ ವಿಷಯ.

ಗುಡ್ಡವ್ವ ಹಡಗಲಿ ತಾಲ್ಲೂಕಿನ, ಮೈಲಾರದ ಹತ್ತಿರದ ಒಂದು ಹಳ್ಳಿಯ ಹೆಂಗಸು. ಮಗ ಮಾಲತೇಶ, ಸೊಸೆ ರೇಣುಕಾ. ಮೊದಲ ಹೆರಿಗೆಗೆ ರೇಣುಕಾಳನ್ನು ಪೇಟೆಯ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಸೇರಿಸಿದರು. ಪೇಟೆ ಯಾವುದು, ಹೋಮ್ ಯಾವುದು ಎಂದು ನಾನು ಹೇಳುವುದಿಲ್ಲ. ಹೊಟ್ಟೆ ಕೊಯ್ದು ಮಗು ತೆಗೆದರು. ಹೆಣ್ಣು ಮಗು, ಚೆನ್ನಾಗಿತ್ತು. ಬಾಣಂತಿಯನ್ನು ಮನೆಗೆ ಕಳಿಸಿದ ಮೇಲೆ ಹೊಲಿಗೆ ಬಿಚ್ಚಿಕೊಂಡು ಕೀವು ಸುರಿಯಿತು, ದಾವಣಗೆರೆಗೆ ಹೊತ್ತುಕೊಂಡು ಓಡಿದರು. ಜೀವ ಉಳಿಯಿತು, ಗರ್ಭಕೋಶ ಉಳಿಯಲಿಲ್ಲ. ರೇಣುಕಾಳಿಗೆ ಇನ್ನು ಮಕ್ಕಳಾಗುವುದಿಲ್ಲ.

ನರ್ಸಿಂಗ್ ಹೋಮಿನವರನ್ನು ಕೇಳಲು ಹೋದರೆ ವೈದ್ಯರು ಒಂದೇ ಮಾತು ಹೇಳಿ ಕಳಿಸಿದರಂತೆ. "ನಮ್ಮಲ್ಲಿ ಇದ್ದಾಗ ಜ್ವರವೇ ಇರಲಿಲ್ಲ. ನಿಮ್ಮತ್ತೆ ಗಾಯಕ್ಕೆ ಭಂಡಾರ ಹಚ್ಚಿದ್ದಾಳೆ, ಅದರಿಂದ ನಂಜಾಗಿದೆ."

ನಮ್ಮ ಕಡೆಯವರಿಗೆ ಭಂಡಾರ ಎಂದರೇನು ಎಂದು ಹೇಳಬೇಕಾಗಿಲ್ಲ. ಮೈಲಾರಲಿಂಗನ ಅರಿಶಿನ ಪುಡಿ. ಮಗು ಬೆಚ್ಚಿದರೆ ಹಣೆಗೆ, ಎಮ್ಮೆ ಹಾಲು ಕೊಡದಿದ್ದರೆ ಕೊಂಬಿಗೆ, ಹೊಸ ಬೈಕು ತಂದರೆ ಹ್ಯಾಂಡಲಿಗೆ. ಗುಡ್ಡವ್ವನ ಸೆರಗಿನ ತುದಿಯಲ್ಲಿ ಯಾವಾಗಲೂ ಒಂದು ಚಿಟಿಕೆ ಗಂಟು ಕಟ್ಟಿರುತ್ತಿತ್ತು. ವೈದ್ಯರ ಮಾತು ಕೇಳಿದ ದಿನದಿಂದ ರೇಣುಕಾಳ ತೌರಿನವರು ಗುಡ್ಡವ್ವನನ್ನು ಹೀಗಳೆಯತೊಡಗಿದರು. ಮುದುಕಿಯ ಕೈ ನಮ್ಮ ಮಗಳ ಹೊಟ್ಟೆ ಬರಿದು ಮಾಡಿತು ಎಂದರು. ರೇಣುಕಾ ಅತ್ತೆಯನ್ನು ಏನೂ ಅನ್ನಲಿಲ್ಲ. ಗುಡ್ಡವ್ವನೇ ತನ್ನನ್ನು ತಾನು ಬೈದುಕೊಂಡಳು.

ಅವರು ಮೊದಲು ಬಂದದ್ದು ನನ್ನ ಹತ್ತಿರ. ಇದನ್ನು ಗೆರೆ ಎಳೆದು ಓದಿಕೊಳ್ಳಿ. ಮಾಲತೇಶನಿಗೆ ಕೂಡ್ಲಿಗಿಯಲ್ಲಿ ಪರಿಚಯದವರಿದ್ದರು, ಅವರು ನನ್ನ ಹೆಸರು ಹೇಳಿದ್ದರು. ಮೂವರೂ ಬೆಂಚಿನ ಮೇಲೆ ಕೂತರು, ಕೂಸು ರೇಣುಕಾಳ ತೊಡೆಯ ಮೇಲೆ. ಮಾತಿನ ನಡುವೆ ಕೂಸು ಜಾರಿತು, ಗುಡ್ಡವ್ವ ಪಕ್ಕದಲ್ಲೇ ಇದ್ದಳು. ಎರಡೂ ಕೈ ಮುಂದೆ ಬಂದವು, ಅರ್ಧದಲ್ಲೇ ನಿಂತವು, ಸೆರಗಿನೊಳಗೆ ಹೋದವು. ರೇಣುಕಾ ತಾನೇ ಕೂಸನ್ನು ಎಳೆದುಕೊಂಡಳು.

"ಅವ್ವ ಕೂಸು ಮುಟ್ಟಂಗಿಲ್ರಿ," ಎಂದ ಮಾಲತೇಶ. "ಅಡಿಗಿ ಮಾಡ್ತಾಳ, ಅರಿವಿ ಒಗೀತಾಳ, ಕೂಸು ಅಷ್ಟ ಎತ್ತಂಗಿಲ್ಲ. ನನ್ನ ಕೈಯಾಗ ನಂಜು ಐತಿ ಅಂತಾಳ. ಕೇಸು ಅದಕ್ಕ ಹಾಕಬೇಕಾಗೇತ್ರಿ. ರೊಕ್ಕದ ಮಾತು ಆಮ್ಯಾಲ."

ನಾನು ವಿವರ ಕೇಳಿದೆ. ಭಂಡಾರ ಹಚ್ಚಿದ್ದು ನಿಜವೇ ಎಂದೆ. ಗುಡ್ಡವ್ವ ಹೌದೆಂದು ತಲೆಯಾಡಿಸಿದಳು, ಇನ್ನೇನೋ ಹೇಳಲು ಬಾಯಿ ತೆರೆದಳು. ನಾನು ಕೈ ಎತ್ತಿ ತಡೆದೆ. "ನೋಡವ್ವ, ಈ ಭಂಡಾರದ ಮಾತು ನೀವಾಗೇ ಎತ್ತಬ್ಯಾಡ್ರಿ. ಅವರು ಕೇಳಿದ್ರ ಆಗ ನೋಡೋಣು. ಆ ಮಾತು ಎಷ್ಟು ಕಡಿಮಿ ಆದ್ರ ನಮಗಷ್ಟು ಚಲೋ."

ಯಾವ ಅನುಭವಸ್ಥ ವಕೀಲನಾದರೂ ಇದನ್ನೇ ಹೇಳುತ್ತಿದ್ದ. ನಮಗೆ ತೊಡಕಾಗುವ ಸಂಗತಿಯನ್ನು ನಾವೇ ಮೆರವಣಿಗೆ ಮಾಡುವುದಿಲ್ಲ. ಇಂದಿಗೂ ಆ ಸಲಹೆ ಸರಿಯೆಂದೇ ನನ್ನ ವಾದ. ಆದರೆ ಗುಡ್ಡವ್ವ ನನ್ನನ್ನೇ ದಿಟ್ಟಿಸಿ ನೋಡಿದಳು. "ಅಂದ್ರ ನೀವೂ ಹಂಗ ಅಂತೀರೇನ್ರಿ?" ಎಂದು ಕೇಳಿದಳು. ನಾನು ಏನು ಉತ್ತರ ಕೊಟ್ಟೆನೋ ಅದು ಅವಳ ಕಿವಿಗೆ ಬೀಳಲಿಲ್ಲ. ಎದ್ದಳು, ಹಿಂದೆಯೇ ಮಗ ಸೊಸೆ ಎದ್ದರು. ವಕಾಲತ್ತಿಗೆ ಸಹಿ ಹಾಕಲು ತೆಗೆದಿಟ್ಟಿದ್ದ ಪೆನ್ನು ಮೇಜಿನ ಮೇಲೆಯೇ ಉಳಿಯಿತು.

ವಾರ ಕಳೆಯುವಷ್ಟರಲ್ಲಿ ಸುದ್ದಿ ಬಂತು, ಆ ಕೇಸು ಹಗರಿಬೊಮ್ಮನಹಳ್ಳಿ ಸೇರಿದೆ ಎಂದು.

ನಾಗರತ್ನ ಏನು ಮಾಡಿದಳು ಗೊತ್ತೇ? ಕಚೇರಿಯಲ್ಲಿ ಕೂತು ಕೇಳಲಿಲ್ಲ. ಹಳ್ಳಿಗೇ ಹೋದಳು. ಗುಡ್ಡವ್ವನ ಪಡಸಾಲೆಯಲ್ಲಿ ಕೂತು ರೊಟ್ಟಿ, ಪುಂಡಿಪಲ್ಯೆ ಉಂಡಳು. ಭಂಡಾರದ ಮಾತು ಮುಚ್ಚಿಡಿ ಎನ್ನಲಿಲ್ಲ. ಅದನ್ನೇ ಅರ್ಜಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಳು. ಗುಡ್ಡವ್ವ ವಾರ್ಡಿನಲ್ಲಿ ಸೊಸೆಯ ಹಣೆಗೆ ಭಂಡಾರ ಹಚ್ಚಿದ್ದು ನಿಜ, ಮಂಚದ ಕಾಲಿಗೆ ಒಂದು ಪೊಟ್ಟಣ ಕಟ್ಟಿದ್ದೂ ನಿಜ, ಎಂದು. ನನಗೆ ಯಾರೋ ಇದನ್ನು ಹೇಳಿದಾಗ ನಾನು ತೊಡೆ ತಟ್ಟಿಕೊಂಡು ನಕ್ಕೆ. ಮುಗಿಯಿತು ಇವಳ ಕಥೆ ಎಂದು ಮನೆಯಲ್ಲಿ ಹೇಳಿದೆ. ಅಂದು ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ಗ್ರಾಹಕರ ಆಯೋಗದಲ್ಲಿ ಸಾಕ್ಷಿಗಳು ಸಾಮಾನ್ಯವಾಗಿ ಪ್ರಮಾಣಪತ್ರದಲ್ಲಿ ಬರೆದುಕೊಟ್ಟರೆ ಸಾಕು, ಬಾಯಿಯಿಂದ ಹೇಳಿಸುವುದು ಕಡಿಮೆ. ಈಗಂತೂ ಅರ್ಜಿಯೂ ಕಂಪ್ಯೂಟರಿನಲ್ಲಿ, ಕೆಲವು ವಿಚಾರಣೆಯೂ ಕಂಪ್ಯೂಟರಿನಲ್ಲಿ. ಸಾಕ್ಷಿಯ ಮುಖದ ಬೆವರು ಯಾರಿಗೂ ಕಾಣುವುದಿಲ್ಲ. ನಾಗರತ್ನ ಮಾತ್ರ ಹಟ ಹಿಡಿದು, ನರ್ಸಿಂಗ್ ಹೋಮಿನ ಸಿಸ್ಟರ್ ಒಬ್ಬರನ್ನು ಎದುರಿಗೆ ಕರೆಸಿ ಪ್ರಶ್ನೆ ಕೇಳಲು ಅನುಮತಿ ಪಡೆದಳು. ಆ ದಿನ ಬಳ್ಳಾರಿಯಲ್ಲಿ ನನಗೂ ಒಂದು ವಿಮೆ ಕೇಸಿತ್ತು. ಹಿಂದಿನ ಬೆಂಚಿನಲ್ಲಿ ಕೂತೆ.

ಸಿಸ್ಟರು ಒಳ್ಳೆಯ ಹೆಂಗಸು, ಸುಳ್ಳಿನ ಅಭ್ಯಾಸ ಇಲ್ಲದವಳು ಎಂದು ನೋಡಿದರೇ ತಿಳಿಯುತ್ತಿತ್ತು. ರೋಗಿಗೆ ಜ್ವರ ಇರಲಿಲ್ಲ, ಭಂಡಾರ ಹಚ್ಚಿದ್ದನ್ನು ತಾನು ಕಂಡು ಗದರಿದೆ ಎಂದು ಬರೆದುಕೊಟ್ಟಿದ್ದಳು. ನಾಗರತ್ನ ನೀರಿನ ಲೋಟ ಅವಳ ಕಡೆ ಸರಿಸಿ ಶುರು ಮಾಡಿದಳು.

"ಸಿಸ್ಟರ್, ಗುಡ್ಡವ್ವ ಭಂಡಾರ ಎಲ್ಲಿ ಹಚ್ಚಿದ್ರು?"

"ಹಣಿಗ್ರಿ. ಮಂಚಕ್ಕೊಂದು ಪೊಟ್ಟಣ ಕಟ್ಟಿದ್ರು."

"ಹೊಟ್ಟಿ ಮ್ಯಾಲೆ?"

"ಹೊಟ್ಟಿ ಮ್ಯಾಲೆ ಪಟ್ಟಿ ಇತ್ತಲ್ರಿ ಮೇಡಂ. ಅಲ್ಲಿ ಮುಟ್ಟಾಕ ಬಿಡ್ತೀವೇನ್ರಿ ನಾವು?"

"ನೀವು ಬೈದ್ರಂತ."

"ಬೈದ್ನಿರಿ. ವಾರ್ಡಿನಾಗ ಇವೆಲ್ಲ ನಡಿಯಂಗಿಲ್ಲ ಅಂದೆ."

"ಅದಕ್ಕ ಆಕಿ ಏನಂದ್ಲು? ಆಕಿ ಹೆಂಗ ಅಂದ್ಲೋ ಹಂಗ ಹೇಳ್ರಿ."

ಸಿಸ್ಟರು ಯೋಚಿಸದೆ ಹೇಳಿದಳು. "ನಿನ್ನೆಯಿಂದ ಮೈ ಕೆಂಡ ಸುಟ್ಟಂಗ ಸುಡಾಕತ್ತೈತಿ, ನೀವ್ ಯಾರೂ ನೋಡವಲ್ರಿ, ನಮ್ಮಪ್ಪ ಮೈಲಾರಲಿಂಗನರ ನೋಡ್ಲಿ ಅಂದ್ಲು."

ಹೇಳಿ ಮುಗಿದ ಮೇಲೆ ಅವಳಿಗೆ ತಾನು ಹೇಳಿದ್ದೇನೆಂದು ತಿಳಿಯಿತು. ನರ್ಸಿಂಗ್ ಹೋಮಿನ ವಕೀಲರು ಎದ್ದು ಏನೋ ಆಕ್ಷೇಪಿಸಿದರು. ಅಧ್ಯಕ್ಷರು ಕೂಡಲು ಹೇಳಿದರು. ನಾಗರತ್ನ ದನಿ ಎತ್ತಲಿಲ್ಲ.

"ಮೈ ಸುಡ್ತಿತ್ತೇನ್ರಿ ಸಿಸ್ಟರ್?"

ಸಿಸ್ಟರು ತನ್ನ ವೈದ್ಯರ ಕಡೆ ನೋಡಿದಳು, ಆಮೇಲೆ ರೇಣುಕಾಳ ಕಡೆ ನೋಡಿದಳು. "ಸುಡ್ತಿತ್ತ್ರಿ," ಎಂದಳು.

ಅಷ್ಟೇ. ಜ್ವರ ಬಾರದೆ ಯಾರೂ ಹರಕೆ ಹೊರುವುದಿಲ್ಲ, ಮೈ ಸುಡದೆ ಯಾವ ಅತ್ತೆಯೂ ವಾರ್ಡಿನಲ್ಲಿ ಭಂಡಾರದ ಗಂಟು ಬಿಚ್ಚುವುದಿಲ್ಲ. ನಮ್ಮ ಕಡೆಯ ಯಾರಿಗೆ ಬೇಕಾದರೂ ಗೊತ್ತಿರುವ ಸಂಗತಿ. ಭಂಡಾರ ಬಂದದ್ದು ನಂಜಿನ ಹಿಂದಿನಿಂದ, ಮುಂದಿನಿಂದಲ್ಲ. ಅಂದರೆ ರೇಣುಕಾ ಇನ್ನೂ ಅವರ ಮಂಚದ ಮೇಲೆ ಇದ್ದಾಗಲೇ ಜ್ವರ ಇತ್ತು. ಪಟ್ಟಿ ಬಿಚ್ಚಿ ನೋಡಲಿಲ್ಲ, ಗಾಯದ ಕೀವಿನ ಪರೀಕ್ಷೆ ಮಾಡಿಸಲಿಲ್ಲ, ಜ್ವರವಿಲ್ಲ ಎಂದು ಬರೆದು ಮನೆಗೆ ಕಳಿಸಿದರು. ಹೊಸಬರೇ, ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಸೋಂಕು ತಗಲಿತು ಎಂಬುದೊಂದೇ ತಪ್ಪಾಗುವುದಿಲ್ಲ. ಎಷ್ಟು ಚೊಕ್ಕವಾಗಿರುವ ಆಸ್ಪತ್ರೆಯಲ್ಲೂ ಅದು ಬಂದೀತು. ತಗಲದಂತೆ ಮಾಡಬೇಕಾದದ್ದನ್ನು ಮಾಡಿದ್ದರೇ, ತಗಲಿದ ಮೇಲೆ ಕಣ್ಣು ಬಿಟ್ಟು ನೋಡಿದ್ದರೇ, ಎಂಬ ಪ್ರಶ್ನೆಯ ಮೇಲೆ ಕೇಸು ನಿಲ್ಲುತ್ತದೆ. ದಾವಣಗೆರೆಯ ವೈದ್ಯರು ಗಾಯದಲ್ಲಿ ಸಿಕ್ಕ ಕ್ರಿಮಿ ಆಸ್ಪತ್ರೆಗಳಲ್ಲೇ ಹೆಚ್ಚಾಗಿ ಬೆಳೆಯುವಂಥದ್ದು, ಸಾಮಾನ್ಯ ಔಷಧಕ್ಕೆ ಜಗ್ಗದ್ದು ಎಂದು ಆಗಲೇ ಹೇಳಿದ್ದರು. ಉಪಕರಣಗಳನ್ನು ಉಗಿಯಲ್ಲಿಟ್ಟು ಶುದ್ಧ ಮಾಡಿದ್ದಕ್ಕೆ ನರ್ಸಿಂಗ್ ಹೋಮಿನವರ ಹತ್ತಿರ ಆಧಾರವೇ ಇರಲಿಲ್ಲ.

ಗುಡ್ಡವ್ವ ನನ್ನ ಬೆಂಚಿನ ಮೇಲೆ ಕೂತು ಬಾಯಿ ತೆರೆದಾಗ ಇದನ್ನೇ ಹೇಳಲು ಹೊರಟಿದ್ದಳೇ? ಹೇಳಲಾರೆ. ಬೇರೇನೋ ಇದ್ದೀತು ಎಂದು ನಾನು ನಂಬಿದ್ದೇನೆ, ನೀವೂ ದಯವಿಟ್ಟು ಹಾಗೆಯೇ ನಂಬಿ. ಅಂದು ನನ್ನ ವಿಮೆ ಕೇಸಿನಲ್ಲಿ ಏನಾಯಿತೆಂದು ನನಗೆ ನೆನಪಿಲ್ಲ. ಮನೆಗೆ ಬಂದು ಊಟ ಬೇಡವೆಂದೆ. ಶಾಂತಾ ತಟ್ಟೆ ತೆಗೆಯುತ್ತ, "ಇವತ್ತು ಒಲಿ ಜೋರೈತಿ," ಎಂದಳು.

ತೀರ್ಪಿನ ದಿನ ಬಳ್ಳಾರಿಯಲ್ಲಿ ನನಗೆ ಯಾವ ಕೇಸೂ ಇರಲಿಲ್ಲ. ಇದೆ ಎಂದು ಹೆಂಡತಿಗೆ ಹೇಳಿ ಬಸ್ಸು ಹತ್ತಿದೆ. ಯಾಕೆ ಹೋದೆ ಎಂದರೆ, ಸೋಲಲಿ ಎಂದೇ ಹೋದೆ. ರೇಣುಕಾ ಸೋಲಲಿ ಎಂದಲ್ಲ, ನಾಗರತ್ನ ಸೋಲಲಿ ಎಂದು. ಒಬ್ಬಳು ಗೆದ್ದು ಇನ್ನೊಬ್ಬಳು ಸೋಲುವ ದಾರಿ ಯಾವ ಕಾನೂನಿನಲ್ಲೂ ಇಲ್ಲವೆಂದು ನನಗೆ ಗೊತ್ತಿತ್ತು. ಹೊಟ್ಟೆಕಿಚ್ಚಿಗೆ ಅದೆಲ್ಲ ಗೊತ್ತಿರುವುದಿಲ್ಲ.

ಅರ್ಜಿಯನ್ನು ಪುರಸ್ಕರಿಸಿದರು. ಪರಿಹಾರದ ಮೊತ್ತ ನಾನು ಬರೆಯುವುದಿಲ್ಲ, ಕಳೆದುಕೊಂಡದ್ದಕ್ಕೆ ಅದು ಸಮನಲ್ಲ. ಹೊರಗೆ ಮೊಗಸಾಲೆಯಲ್ಲಿ ನಾಗರತ್ನ ಗುಡ್ಡವ್ವನ ಭುಜ ಹಿಡಿದು ತೀರ್ಪನ್ನು ಬಿಡಿಸಿ ಹೇಳುತ್ತಿದ್ದಳು. ಕೂಸು ಈಗ ಕೂಸಲ್ಲ, ಅಪ್ಪನ ಬೆರಳು ಹಿಡಿದು ಓಡಾಡುವ ಹುಡುಗಿ. ಅಜ್ಜಿಯ ಸೀರೆ ಹಿಡಿಯಲು ಬಂದರೆ ಅಜ್ಜಿ ಈಗಲೂ ಹಿಂದೆ ಸರಿಯುತ್ತಿದ್ದಳು.

"ನನ್ನ ಕೈಯಿಂದಲ್ಲ ಅಂತ ಬರದಾರೇನವ್ವ?" ಎಂದು ಕೇಳಿದಳು ಗುಡ್ಡವ್ವ.

"ಬರದಾರವ್ವ. ನಾ ಮೊದ್ಲಿಂದ ಹೇಳ್ತಿರಲಿಲ್ಲೇನು?"

"ನೀ ಮೊದ್ಲಿಂದ ಹಂಗ ಅಂತಿದ್ದೆಲ್ಲ ತಾಯಿ," ಎಂದಳು ಮುದುಕಿ. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಆಮೇಲೆ ಕಂಬದ ಹಿಂದೆ ನಿಂತಿದ್ದ ನನ್ನನ್ನು ಕಂಡಳು. ನಾನು ಸರಿಯಬೇಕೆನ್ನುವಷ್ಟರಲ್ಲಿ ನಾಗರತ್ನಳ ಕೈಯಿಂದ ತೀರ್ಪಿನ ಹಾಳೆ ತೆಗೆದುಕೊಂಡು ನೇರ ನನ್ನ ಹತ್ತಿರ ಬಂದಳು, ಅದನ್ನು ನನ್ನ ಮುಂದೆ ಹಿಡಿದಳು.

"ವಕೀಲ್ರ, ನೀವು ಓದ್ರಿ. ಈಯವ್ವ ನನ್ನ ಮ್ಯಾಲಿನ ಅಂತಃಕರಣಕ್ಕ ಹೇಳ್ತಾಳ. ನೀವು ನನ್ನ ನಂಬಲಾರದವ್ರು. ನೀವು ಹೇಳಿದ್ರ ಖರೆ."

ನಾಗರತ್ನಳ ಗೆಲುವನ್ನು ನಾನು ಗಟ್ಟಿಯಾಗಿ ಓದಬೇಕಾಯಿತು. ಮೊಗಸಾಲೆಯ ಮಂದಿಯೆಲ್ಲ ಕೇಳುತ್ತಿದ್ದರು. ಹಾಳೆ ತಿರುವಿ ಆ ಸಾಲು ಹುಡುಕಿದೆ. ಮನೆಯವರ ಕೈಯಿಂದ ಸೋಂಕು ತಗಲಿತೆನ್ನಲು ಯಾವ ಆಧಾರವೂ ಇಲ್ಲ ಎಂದಿತ್ತು. ಓದಿದೆ. ಗುಡ್ಡವ್ವ ಇನ್ನೂ ನನ್ನ ಬಾಯನ್ನೇ ನೋಡುತ್ತಿದ್ದಳು.

"ನಿನ್ನ ಕೈಯಿಂದಲ್ಲವ್ವ," ಎಂದೆ. "ಆಸ್ಪತ್ರಿಯಿಂದ."

ಅವಳು ಎರಡೂ ಅಂಗೈಗಳನ್ನು ಸೀರೆಗೆ ಒರೆಸಿಕೊಂಡಳು. ಬಗ್ಗಿದಳು. ಹುಡುಗಿಯನ್ನು ಎತ್ತಿದಳು. ಎತ್ತಿ ಅಭ್ಯಾಸವಿಲ್ಲದ್ದರಿಂದ ಹುಡುಗಿ ಒಂದು ಕ್ಷಣ ಓರೆಯಾಗಿ ಜೋತುಬಿದ್ದಳು, ಆಮೇಲೆ ಕಂಕುಳಿಗೆ ಸರಿಯಾಗಿ ಕೂತಳು. ರೇಣುಕಾ ಗೋಡೆ ಕಡೆ ಮುಖ ತಿರುಗಿಸಿ ಅಳುತ್ತಿದ್ದಳು. ನನ್ನ ಕನ್ನಡಕವೂ ಮಸುಕಾಗಿತ್ತು, ಅದನ್ನು ಒರೆಸಿಕೊಂಡು ನೋಡಿದರೆ ನಾಗರತ್ನ ಪಕ್ಕದಲ್ಲಿ ನಿಂತಿದ್ದಳು. ನಗುತ್ತಿರಲಿಲ್ಲ.

"ಎರಡು ವರ್ಷ ಹೇಳಿದೆ ಅಣ್ಣಾ, ಆಕಿ ಮನಿಗಿ ಹೋಗಿ ಹೋಗಿ ಹೇಳಿದೆ," ಎಂದಳು. "ನನ್ನ ಮಾತಿಗೆ ಎತ್ತಲಿಲ್ಲ. ನಿಮ್ಮ ಒಂದು ಮಾತಿಗೆ ಎತ್ತಿಬಿಟ್ಳು ನೋಡ್ರಿ."

ಆ ದನಿಯನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ. ಇಷ್ಟು ವರ್ಷ ಅದು ನನ್ನ ಗಂಟಲಲ್ಲೇ ಇತ್ತು. ಅಂದು ಮೊದಲ ಸಲ ಅವಳ ಗಂಟಲಿನಿಂದ ಕೇಳಿದೆ. "ಬಾ ತಂಗಿ, ಊಟ ಮಾಡೋಣು," ಎಂದೆ. ಹಸಿವಿಲ್ಲ ಎಂದಳು. ನಾನು ಮಾತ್ರ ಹೊಟ್ಟೆ ತುಂಬ ಉಂಡು ಕೂಡ್ಲಿಗಿ ಬಸ್ಸು ಹತ್ತಿದೆ.